ಬೆರಳಿಗೆ ಗೊತ್ತು

ಮೌಸ್ ಹಿಡಿಯುವುದಕ್ಕೆ ಕೈ ಅಷ್ಟು ದೂರ ಹೋಗಿ ಬರಬೇಕಲ್ಲ ಎಂಬ ಸಂಕಟದಿಂದ ಶುರುವಾಯಿತು ಇದೆಲ್ಲ. ನಮ್ಮ ಪ್ರೋಗ್ರಾಮರ್ ಮಹಾಶಯ ಮೊದಲು ಮೌಸನ್ನು ಕಿತ್ತು ಡ್ರಾಯರಿಗೆ ಹಾಕಿದ. ಆಮೇಲೆ ಒಂದೊಂದು ಕೆಲಸಕ್ಕೂ ಕೀಬೋರ್ಡಿನಲ್ಲೇ ಒಂದೊಂದು ಶಾರ್ಟ್‌ಕಟ್ ಇಟ್ಟ. ಅದೂ ಸಾಲದೆ, ಕಿರುಬೆರಳಿಗೆ ಆಯಾಸವಾಗುತ್ತದೆಂದು ಅಕ್ಷರಗಳ ಜಾಗವನ್ನೇ ಅದಲು ಬದಲು ಮಾಡಿದ. ಕೀ ಮೇಲೆ ಬರೆದದ್ದು ಒಂದು, ಒತ್ತಿದರೆ ಬರುವುದು ಇನ್ನೊಂದು. ಎರಡು ಕ್ಷಣ ಉಳಿಸಲು ಎರಡು ವಾರ ಕಳೆಯುವ ಆಸಾಮಿ. ಆಫೀಸಿನವರು ಅವನನ್ನು ‘ಶಾರ್ಟ್‌ಕಟ್’ ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ಅವನು ಒಳಗೊಳಗೇ ಹಿಗ್ಗುತ್ತಿದ್ದ, ಪಾಪ.

ಆವತ್ತು ಸಂಜೆಯ ರೈಲಿಗೆ ಹೆಂಡತಿಯ ಜೊತೆ ಸಮುದ್ರ ನೋಡಲು ಹೊರಡಬೇಕಿತ್ತು. ಮದುವೆಯಾದಾಗಿನಿಂದ ಮುಂದಕ್ಕೆ ಹೋಗುತ್ತಲೇ ಇದ್ದ ಪ್ರವಾಸ. ಬೆಳಿಗ್ಗೆ ಬಾಗಿಲಲ್ಲೇ ಆಕೆ, "ನೋಡ್ರೀ, ಈ ಸಲವೂ ಕೈ ಕೊಟ್ರೆ ನಾನು ಒಬ್ಬಳೇ ಹೋಗ್ತೀನಿ. ನೀವು ಆ ಕೀಬೋರ್ಡ್ ಜೊತೆಗೇ ಸಂಸಾರ ಮಾಡ್ಕೊಂಡಿರಿ," ಎಂದಿದ್ದಳು.

ಸಾಹೇಬರು ರಜೆಗೆ ಒಂದೇ ಷರತ್ತು ಹಾಕಿದರು. ಹೊಸದಾಗಿ ಸೇರಿದ ಹುಡುಗಿಯನ್ನು ಮುಂದೆ ನಿಲ್ಲಿಸಿ, "ನಿನ್ನ ಕೆಲಸ ಇವಳಿಗೆ ಒಪ್ಪಿಸು. ನಿನ್ನ ಕಂಪ್ಯೂಟರ್‌ನಲ್ಲೇ ಇವಳು ಪ್ರೋಗ್ರಾಮಿನ ಒಂದು ತಪ್ಪು ತಿದ್ದಿ ತೋರಿಸಲಿ. ಆಮೇಲೆ ನೀನು ಸಮುದ್ರಕ್ಕಾದ್ರೂ ಹೋಗು, ಆಕಾಶಕ್ಕಾದ್ರೂ ಹೋಗು," ಎಂದರು.

"ಇದೇನು ಮಹಾ!" ಎಂದು ಶಾರ್ಟ್‌ಕಟ್ ಕುರ್ಚಿ ಬಿಟ್ಟುಕೊಟ್ಟ. ಹುಡುಗಿ ಕೂತು ಒಂದು ಪದ ಹೊಡೆದಳು, ತಲೆಬುಡವಿಲ್ಲದ್ದೇನೋ ಮೂಡಿತು. ಗಾಬರಿಯಾಗಿ, ಸೇವ್ ಮಾಡಲು ಲೋಕವೆಲ್ಲ ಒತ್ತುವ ಕೀಗಳನ್ನೇ ಒತ್ತಿದಳು. ಪರದೆಯ ಮೇಲೆ ತೆರೆದಿದ್ದುದೆಲ್ಲ ಪಟಪಟನೆ ಮುಚ್ಚಿಕೊಂಡಿತು.

"ಸರ್, ಸೇವ್‌ಗೆ ಯಾವ ಕೀ?"

"ಅದು... ಗೊತ್ತಿಲ್ಲಮ್ಮ."

"ದಿನಾ ನೀವೇ ಒತ್ತೋದಲ್ವಾ?"

"ನಾನೆಲ್ಲಮ್ಮ ಒತ್ತೋದು? ಬೆರಳು ಒತ್ತುತ್ತೆ. ಅದಕ್ಕೇ ಗೊತ್ತು."

ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಾಡಿಸಿ, ತಟ್ಟನೆ ಕಣ್ಣು ಬಿಟ್ಟು ಯಾವ ಬೆರಳು ಎಲ್ಲಿಗೆ ಹೋಯಿತೆಂದು ನೋಡುತ್ತಿದ್ದ. ನೋಡಿದ ಕೂಡಲೇ ಬೆರಳು ಹೊಸ ಮದುವಣಗಿತ್ತಿಯ ಹಾಗೆ ನಾಚಿ ನಿಂತುಬಿಡುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮೇಜಿನ ಅಕೌಂಟೆಂಟ್ ಎದ್ದು ಬಂದರು. ಕರೆಯದೆ ಬರುವುದರಲ್ಲಿ ಅವರದು ಎತ್ತಿದ ಕೈ. "ಸ್ವಲ್ಪ ಸರಿಯಮ್ಮ, ಇವೆಲ್ಲ ನನಗೆ ನೀರು ಕುಡಿದ ಹಾಗೆ," ಎಂದು ಏನೋ ಒತ್ತಿದರು. ಮೂಲೆಯ ಪ್ರಿಂಟರ್ ಗುರ್ರೆಂದು ಎದ್ದು ಹಾಳೆ ಉಗುಳತೊಡಗಿತು. ಅದನ್ನು ನಿಲ್ಲಿಸಲು ಇನ್ನೇನೋ ಒತ್ತಿದರು, ಪರದೆ ತಲೆಕೆಳಗಾಯಿತು. ಅಕೌಂಟೆಂಟ್ ಕತ್ತು ತಿರುಚಿ ನೋಡಿ, "ಈಗ ಒಂದು ದಾರಿಗೆ ಬಂತು," ಎಂದರು.

ಗದ್ದಲ ಕೇಳಿ ಸಾಹೇಬರೂ ಬಂದರು. "ಏನಯ್ಯಾ ಇದು ಸಂತೆ!" ಎಂದು ಗದರಿ, ತಮ್ಮ ಪಾಲಿಗೂ ಒಂದಿರಲಿ ಎಂಬಂತೆ ಒಂದು ಕೀ ಒತ್ತಿದರು. ‘ಕೆಲಸ ಮುಗಿದಿದೆ, ದಯವಿಟ್ಟು ನೋಡಿ’ ಎಂಬ ಸಂದೇಶ ಆಫೀಸಿಗೆಲ್ಲ ಹೋಯಿತು. ಎಲ್ಲರೂ ನೋಡಲು ಬಂದರು.

ರೈಲಿಗೆ ಹೊತ್ತಾಗುತ್ತಿತ್ತು. ಶಾರ್ಟ್‌ಕಟ್‌ಗೆ ಅಳುವೇ ಬಂತು. ಹುಡುಗಿಗೆ ಕನಿಕರವಾಗಿ, "ಸರ್, ಬೇಜಾರು ಮಾಡ್ಕೋಬೇಡಿ. ನೀವು ಬದಲಾಯಿಸಿದ್ದನ್ನೆಲ್ಲ ಅಳಿಸಿ, ಕೊಂಡಾಗ ಹೇಗಿತ್ತೋ ಹಾಗೆ ಮಾಡಿಬಿಡಿ. ಐದೇ ನಿಮಿಷದಲ್ಲಿ ತಿದ್ದಿಕೊಡ್ತೀನಿ," ಎಂದಳು.

ಅವನು ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡ. ಕೂಸಿನ ಹಾಗೆ ಸಾಕಿದ ಕೀಬೋರ್ಡ್! ಆದರೆ ಬಾಗಿಲಲ್ಲಿ ನಿಂತ ಹೆಂಡತಿಯ ಮುಖ ನೆನಪಾಯಿತು. ಮುಖ ಅತ್ತ ತಿರುಗಿಸಿ ಒತ್ತಿಯೇ ಬಿಟ್ಟ. ಕಂಪ್ಯೂಟರ್ ಅವನ ಬದಲಾವಣೆಗಳನ್ನೆಲ್ಲ ಅಳಿಸಿಕೊಂಡು, ತಾನೇ ಒಮ್ಮೆ ಆರಿ ಹೊತ್ತಿಕೊಂಡಿತು. ಪರದೆ ನೆಟ್ಟಗಾಯಿತು, ನೆರೆದವರೆಲ್ಲ ಚಪ್ಪಾಳೆ ತಟ್ಟಿದರು.

ಪರದೆ ಪಾಸ್‌ವರ್ಡ್ ಕೇಳಿತು.

ಬೆರಳುಗಳು ಅಭ್ಯಾಸದಂತೆ ಹಳೆಯ ಜಾಗಗಳಿಗೇ ಓಡಿದವು. ಅಕ್ಷರಗಳು ಅಲ್ಲಿಂದ ಮನೆ ಖಾಲಿ ಮಾಡಿದ್ದವು. ತಪ್ಪು. ಇನ್ನೊಮ್ಮೆ, ಅದೂ ತಪ್ಪು. ಮೂರನೆಯ ಸಲವೂ ತಪ್ಪಿದರೆ ನಾಳೆಯವರೆಗೆ ಬೀಗ ಎಂದು ಪರದೆ ಎಚ್ಚರಿಸಿತು.

"ಅಕ್ಷರ ಹೇಳಿ ಸರ್, ನಾನು ಟೈಪ್ ಮಾಡ್ತೀನಿ," ಎಂದಳು ಹುಡುಗಿ.

"ಅಕ್ಷರ ಯಾರಿಗಮ್ಮ ಗೊತ್ತು!"

"ಯಾವ ಕೀಗೆ ಯಾವ ಅಕ್ಷರ ಇಟ್ಟಿದ್ರಿ ಅಂತ ಎಲ್ಲಾದ್ರೂ ಬರೆದಿಟ್ಟಿದೀರಾ?"

"ಇಟ್ಟಿದೀನಿ. ಇದರೊಳಗೇ ಇದೆ."

ಆಗಲೇ ಸ್ಟೇಷನ್ನಿನಿಂದ ಹೆಂಡತಿಯ ಫೋನ್ ಬಂತು. ಎಲ್ಲರಿಗೂ ಕೇಳಲಿ ಎಂದು ಅಕೌಂಟೆಂಟೇ ಸ್ಪೀಕರ್ ಒತ್ತಿದರು.

"ಎಲ್ರೀ ಇದೀರಿ? ರೈಲು ಬಂದು ನಿಂತಿದೆ!"

ಅವನು ತೊದಲುತ್ತ ಎಲ್ಲವನ್ನೂ ಹೇಳಿದ. ಬೈಯುತ್ತಾಳೆ ಎಂದುಕೊಂಡರೆ ಆಕೆ ಕಿಲಕಿಲನೆ ನಕ್ಕಳು. "ಅಯ್ಯೋ, ಇದಕ್ಯಾಕೆ ಇಷ್ಟು ಒದ್ದಾಟ? ಪಾಸ್‌ವರ್ಡಿಗೆ ನನ್ನ ಹೆಸರು ಬಿಟ್ಟು ಇನ್ಯಾರ ಹೆಸರು ಇಟ್ಟಿರ್ತೀರಿ? ಅದನ್ನೇ ಹಾಕಿ, ಬೇಗ ಬನ್ನಿ."

"ಹೌದಲ್ವಾ!" ಶಾರ್ಟ್‌ಕಟ್‌ನ ಮುಖ ಅರಳಿತು. ಎಂಥ ಹೆಂಡತಿಯಪ್ಪಾ ಎಂದು ಸಾಹೇಬರೂ ತಲೆದೂಗಿದರು. ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ, ಹೆಂಡತಿಯ ಹೆಸರನ್ನು ಭಕ್ತಿಯಿಂದ ಒತ್ತಿದ. ತಪ್ಪಿಲ್ಲವೆಂದು ಹುಡುಗಿಯೂ ನೋಡಿಕೊಂಡಳು. ಎಂಟರ್ ಹೊಡೆದ.

ಬೀಗ ಬಿತ್ತು.

"ತೆಗೀತೇನ್ರೀ?"

ಫೋನಿನತ್ತ ಬಾಗಿ ಅಕೌಂಟೆಂಟ್ ಉಪಕಾರ ಮಾಡುವ ದನಿಯಲ್ಲಿ, "ಇಲ್ಲಮ್ಮ, ನಿಮ್ಮ ಹೆಸರಲ್ಲವಂತೆ," ಎಂದರು.

ಅತ್ತ ರೈಲು ಸಿಳ್ಳೆ ಹಾಕಿ ಹೊರಟ ಸದ್ದು ಕೇಳಿಸಿತು. ಹೆಂಡತಿ ಮಾತ್ರ ಹತ್ತಿರಲಿಲ್ಲ.

"ರೀ, ಅಲ್ಲೇ ಇರಿ. ಟ್ಯಾಕ್ಸಿ ಹಿಡಿದು ಬರ್ತಾ ಇದೀನಿ. ಯಾರ ಹೆಸರು ಅನ್ನೋದನ್ನ ಎದುರಿಗೇ ಹೇಳೋರಂತೆ."

ಹೇಳೋಣವೆಂದರೆ, ಅವನಿಗಾದರೂ ಗೊತ್ತಿದ್ದರೆ ತಾನೇ!