ಗೋಡೆ ತಟ್ಟುವ ಭಾವ

ನೋಡಬೇಕಾದ್ದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡಿಕೊಂಡು ಬರುವ ವಿದ್ಯೆ ಭೂಮಿಯ ಮೇಲೆ ಯಾರಿಗಾದರೂ ಪೂರ್ತಿ ಒಲಿದಿದ್ದರೆ ಅದು ನಮ್ಮ ಭಾವನಿಗೆ! ಅಕ್ಕನ ಗಂಡ ಎಂಬ ಗೌರವ ನನಗೆ ಇಲ್ಲವೆಂದಲ್ಲ. ಆದರೆ ನಯಾಗರಾ ಜಲಪಾತಕ್ಕೆ ಬೆನ್ನು ಹಾಕಿ ನಿಂತು, ಅಲ್ಲಿನ ತಡೆಗೋಡೆಗೆ ಎಷ್ಟು ಮೂಟೆ ಸಿಮೆಂಟು ಹಿಡಿದಿರಬಹುದು ಎಂದು ಚಿಂತಿಸುವವರನ್ನು ಹೇಗೆ ಗೌರವಿಸುವುದು, ನೀವೇ ಹೇಳಿ?

ಭಾವನ ಚಟ ಗೋಡೆ ತಟ್ಟುವುದು. ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟ ಮೇಲೆ ಮೊದಲ ಕೆಲಸ ಅದೇ. ಬೆರಳು ಮಡಚಿ ಎರಡು ಸಲ ಟಕ್ ಟಕ್, ಆಮೇಲೆ ತೀರ್ಪು. ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿದ್ದ ಅವರ ಅಪಾರ್ಟ್‌ಮೆಂಟಿಗೆ ಸಿಕ್ಕ ತೀರ್ಪು ಹೀಗಿತ್ತು: "ಇದು ಗೋಡೆ ಅಲ್ಲಮ್ಮಾ, ಹಪ್ಪಳ! ಪಕ್ಕದ್ಮನೆಯೋರು ಸೀನಿದ್ರೆ ನಾವು ಚಿರಂಜೀವಿ ಅನ್ಬೇಕು."

ಮ್ಯಾನ್‌ಹಟನ್ನಿನ ಮ್ಯೂಸಿಯಂ ಒಂದರಲ್ಲಿ, ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದ ಚಿತ್ರವೊಂದರ ಪಕ್ಕದಲ್ಲೇ ಟಕ್ ಟಕ್ ಎನ್ನಿಸಿದರು. ಗಾರ್ಡ್ ಓಡಿ ಬಂದ. ಅಕ್ಕ ಇವರು ಯಾರೋ ತಾನು ಯಾರೋ ಎಂಬಂತೆ ಮುಂದಿನ ಕೋಣೆಗೆ ನಡೆದುಬಿಟ್ಟಳು!

"ಚಿತ್ರ ಹೇಗಿತ್ತು ಭಾವ?" ಎಂದೆ.

"ಚಿತ್ರ ಪರವಾಗಿಲ್ಲ. ಗೋಡೆ ಟೊಳ್ಳು!"

ಗೋಡೆ ಮಾತ್ರವಲ್ಲ, ಬ್ಯಾಂಕುಗಳೂ ಟೊಳ್ಳು ಎಂಬುದು ಅದೇ ವರ್ಷ ಗೊತ್ತಾಯಿತು. ಒಂದರ ಹಿಂದೆ ಒಂದು ಕುಸಿದವು. ಮ್ಯಾನ್‌ಹಟನ್ನಿನ ಬ್ಯಾಂಕಿನಲ್ಲಿದ್ದ ಭಾವ ಒಂದು ಮಧ್ಯಾಹ್ನ, ಮುಚ್ಚಳ ತೆಗೆಯದ ಊಟದ ಡಬ್ಬಿಯೊಂದಿಗೆ ಮನೆಗೆ ಬಂದರು. ವೀಸಾ ನಿಂತಿದ್ದೂ ಕೈತಪ್ಪಿದ ಆ ಕೆಲಸದ ಮೇಲೆಯೇ. ಬೇಗ ಇನ್ನೊಂದು ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಈ ವಿಷಯ ನಮಗೆಲ್ಲ ಗೊತ್ತಿತ್ತು, ಒಂಬತ್ತು ವರ್ಷದ ಮಗಳು ಸಿರಿಯೊಬ್ಬಳನ್ನು ಬಿಟ್ಟು. ಅಪ್ಪ ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆಂದು ಅವಳು ನಂಬಿದ್ದಳು.

"ನೀವೇ ಹೇಳ್ಬೇಕು. ನನ್ನ ಕೈಲಾಗಲ್ಲ" ಎಂದು ಅಕ್ಕ.

"ಹೇಳ್ತೀನಿ ಕಣೇ, ಟ್ರಿಪ್ಪಿನಾಗೆ ಹೇಳ್ತೀನಿ" ಎಂದು ಭಾವ.

ಹೌದು, ಟ್ರಿಪ್ಪು! ಕೆಲಸ ಹೋಯಿತೆಂದು ಮೊದಲೇ ಬುಕ್ ಮಾಡಿದ ಟಿಕೆಟ್ ವಾಪಸ್ ಆಗುತ್ತದೆಯೇ? ಅದೇ ನ್ಯೂಜೆರ್ಸಿಯ ಹ್ಯಾರಿಸನ್ನಿನಲ್ಲಿ ನನ್ನ ಪಾಡಿಗೆ ಇದ್ದ ನನ್ನ ಹೆಸರಲ್ಲೂ ಒಂದು ಟಿಕೆಟ್ ಇತ್ತು. ನಾಲ್ವರೂ ಹೊರಟೆವು. ನ್ಯೂ ಮೆಕ್ಸಿಕೋ ಮರುಭೂಮಿಯ ನಡುವೆ, ನಾನೂರು ವರ್ಷ ಹಳೆಯದಾದ ಸ್ಯಾಂಟಾ ಫೆ ಎಂಬ ಊರಿಗೆ.

ಊರು ಕಂಡದ್ದೇ ತಡ, ಭಾವ ಬಾಡಿಗೆ ಕಾರು ನಿಲ್ಲಿಸಿ ಇಳಿದರು. ಕಣ್ಣು ಹಾಯಿಸಿದಲ್ಲೆಲ್ಲ ಮಣ್ಣು ಮೆತ್ತಿದ ದಪ್ಪ ಗೋಡೆ, ಚಪ್ಪಟೆ ಮಾಳಿಗೆ, ಮಳೆನೀರು ಹೊರಚೆಲ್ಲಲು ಮಾಳಿಗೆಯಂಚಿಗೆ ಮರದ ದೋಣಿ. ಬಾಗಿಲ ಪಕ್ಕ ಒಣಗಲು ತೂಗಿಬಿಟ್ಟ ಕೆಂಪು ಮೆಣಸಿನಕಾಯಿಯ ಸರ ಬೇರೆ!

"ಏ, ಇದು ನಮ್ ಚಳ್ಳಕೆರೆ ಸೀಮೆ ಕಣಮ್ಮಾ! ನಮ್ಮಜ್ಜಿ ಮನೆ ಹಿಂಗೇ ಇತ್ತು!"

"ಚಳ್ಳಕೆರೆ ನೋಡೋಕೆ ನ್ಯೂಜೆರ್ಸಿಯಿಂದ ಪಶ್ಚಿಮಕ್ಕೆ ಬರ್ಬೇಕಿತ್ತಾ ಭಾವ?"

ಅವರಿಗೆ ಎಲ್ಲಿ ಕೇಳಿಸಬೇಕು! ಆಗಲೇ ಗೋಡೆಯ ಹತ್ತಿರ ಹೋಗಿದ್ದರು. ಟಕ್ ಟಕ್. ಟೊಳ್ಳು ಸದ್ದೇ ಬರಲಿಲ್ಲ. ಒಂದು ತಿಂಗಳಲ್ಲಿ ಮೊದಲ ಸಲ ಭಾವನ ಮುಖದಲ್ಲಿ ನಗು ನೋಡಿದೆ. "ಗಟ್ಟಿ!" ಎಂದರು.

ಮುಂದಿನ ಎರಡು ದಿನ ನಾವು ಪಟ್ಟ ಪಾಡು ಯಾರಿಗೂ ಬೇಡ. ಹಳೆಯ ಚರ್ಚಿನ ಚರಿತ್ರೆ ಹೇಳುತ್ತಿದ್ದ ಗೈಡನ್ನು ತಡೆದು, ಮಣ್ಣಿಗೆ ಹುಲ್ಲು ಸಾಲದು, ಬಿರುಕು ಬಿಡುತ್ತದೆ ಎಂದು ಪಾಠ ಮಾಡಿದರು. ಅಂಗಡಿಯ ಮೆಣಸಿನಕಾಯೊಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಎರಡೂ ಕಣ್ಣಲ್ಲಿ ನೀರು ಸುರಿಸುತ್ತಾ, "ಬ್ಯಾಡಗಿ ಮುಂದೆ ಏನೂ ಅಲ್ಲ" ಎಂದರು. ಅಕ್ಕ ವೆಟ್ ವೈಪ್ಸ್ ಪೊಟ್ಟಣ ಹಿಡಿದು ಹಿಂದೆಯೇ ಓಡಾಡುತ್ತಾ ಅವರು ಮುಟ್ಟಿದ್ದನ್ನೆಲ್ಲ, ಅವರನ್ನೂ, ಒರೆಸುತ್ತಿದ್ದಳು. ನಡುನಡುವೆ ಕಣ್ಸನ್ನೆ: ಹೇಳಿ, ಈಗಲಾದರೂ ಹೇಳಿ.

"ಸಿರೀ..." ಎಂದು ಭಾವ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ವಾಟ್, ಅಪ್ಪಾ?"

"ಆ... ಆ ಗೋಡೆ ನೋಡು!"

"ಇಟ್ಸ್ ಎ ವಾಲ್, ಅಪ್ಪಾ."

ಕೊನೆಯ ದಿನ ಊರಾಚೆಯ ಪುಟ್ಟ ಚರ್ಚೊಂದಕ್ಕೆ ಹೋದೆವು. ಅಲ್ಲಿಯ ಜನವೇ ಸೇರಿ ಗೋಡೆಗೆ ಹೊಸ ಮಣ್ಣು ಮೆತ್ತುತ್ತಿದ್ದರು. ಯಜಮಾನಿಕೆ ಒಬ್ಬ ಮುದುಕಿಯದು. ನಾನು ಕ್ಯಾಮೆರಾ ತೆಗೆಯುವಷ್ಟರಲ್ಲಿ ಭಾವ ಪ್ಯಾಂಟು ಮಡಚಿ, ಮೆತ್ತಲು ಕಲಸುತ್ತಿದ್ದ ಕೆಸರಿಗಿಳಿದಾಗಿತ್ತು! ಸುತ್ತು ಹಾಕುತ್ತಾ, ಹಿಮ್ಮಡಿ ಊರಿ ತುಳಿದರು. ಯಾರನ್ನೂ ಕೇಳದೆ ಇನ್ನೊಂದು ಹಿಡಿ ಹುಲ್ಲು ಹಾಕಿದರು. ಮುದುಕಿ ಬೈಯುತ್ತಾಳೆಂದುಕೊಂಡೆ. ಅವಳು ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ ನೋಡಿ, ಇದನ್ನು ಎಲ್ಲಿ ಕಲಿತೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಮೈ ಗ್ರ್ಯಾಂಡ್‌ಮದರ್, ಮೇಡಂ."

"ಈಗೇನು ಕೆಲಸ ನಿನಗೆ?"

ಭಾವನ ಕಾಲು ನಿಂತಿತು. ಹೋಟೆಲಿನವನಿಂದ ಹಿಡಿದು ಗೈಡಿನವರೆಗೆ ಕೇಳಿದವರಿಗೆಲ್ಲ "ಬ್ಯಾಂಕ್" ಎಂದೇ ಹೇಳಿದ್ದರು. ಸಿರಿ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಅವರು ಮುದುಕಿಯನ್ನು ನೋಡಲಿಲ್ಲ, ಮಗಳನ್ನು ನೋಡಿದರು.

"ಐ ಲಾಸ್ಟ್ ಮೈ ಜಾಬ್, ಮೇಡಂ. ವಿ ಮೇ ಹ್ಯಾವ್ ಟು ಗೋ ಬ್ಯಾಕ್ ಟು ಇಂಡಿಯಾ."

ಅಕ್ಕ ನನ್ನ ಕೈ ಹಿಡಿದುಕೊಂಡಳು. ಮುದುಕಿ ಭಾವನನ್ನು ಮೇಲಿಂದ ಕೆಳಗೆ ನೋಡಿದಳು. "ಒಳ್ಳೇದಾಯ್ತು, ಹಾಗಾದ್ರೆ ನಿನಗೆ ಪುರುಸೊತ್ತಿದೆ. ಆ ಕಡೆ ಗೋಡೆಯೂ ಬಾಕಿ ಇದೆ" ಎಂದಳು!

ಯಾರಿಗೂ ನಗು ಬರಲಿಲ್ಲ. ಸಿರಿ ಅಪ್ಪನ ಕೆಸರುಗಾಲು ನೋಡಿದಳು. ಆಮೇಲೆ ಕೂತು, ಒಂದೊಂದೇ ಶೂ ಲೇಸು ಬಿಚ್ಚಿ, ಸಾಕ್ಸ್ ಮಡಚಿ ಶೂ ಒಳಗಿಟ್ಟು, ಕೆಸರಿಗೆ ಕಾಲಿಟ್ಟಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, "ಅಪ್ಪಾ, ಸ್ವಲ್ಪ ಸರಿ. ನಾನೂ ತುಳೀತೀನಿ" ಎಂದಳು.

ಭಾವನನ್ನು ಗೇಲಿ ಮಾಡಲೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತುಗಳು ಮರೆತೇಹೋದವು. ಅಳು ಬಂತು, ಅತ್ತುಬಿಟ್ಟೆ.

ನ್ಯೂಜೆರ್ಸಿಗೆ ಮರಳುವ ವಿಮಾನದಲ್ಲಿ ಭಾವ ಬಾಯಿ ತೆರೆದು ನಿದ್ದೆ ಹೋದರು. ಸಿರಿಯ ಕೈ ಅವರ ಕೈಯಲ್ಲಿತ್ತು. ಇಬ್ಬರ ಉಗುರುಗಳಲ್ಲೂ ಮಣ್ಣು ಹಾಗೇ ಇತ್ತು. ಅಭ್ಯಾಸದಂತೆ ಅಕ್ಕ ಪೊಟ್ಟಣದಿಂದ ಒಂದು ವೈಪ್ ಎಳೆದಳು. ಆ ಎರಡು ಕೈಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದರಲ್ಲಿ ತನ್ನ ಕಣ್ಣೊರೆಸಿಕೊಂಡು, ಪೊಟ್ಟಣವನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.