ಕಷಾಯ ಕುಡಿದವರ ಪಟ್ಟಿ

ಅವತ್ತು ಟೆರೇಸಿನ ಮೇಲೆ ಇದ್ದವರು ಮೂರೇ ಜನ: ಕಷಾಯದ ಪಾತ್ರೆ ಹಿಡಿದ ನಮ್ಮಮ್ಮ, ಮೂರನೇ ಮನೆಯಲ್ಲಿ ಬಾಡಿಗೆಗಿದ್ದ ಪ್ರಮೋದ, ಮತ್ತೆ ಮನೆ ಮಾಲೀಕನಾದ ನಾನು. ಕೊರೊನಾ ಕಾಲ. ವರ್ತೂರಿನ ನಮ್ಮ ಕಟ್ಟಡದ ಎಂಟು ಮನೆಗೂ ಅಮ್ಮನೇ ದಿನಾ ಬೆಳಿಗ್ಗೆ ಕಷಾಯ ಕಾಯಿಸಿ ಹಂಚುತ್ತಿದ್ದಳು. ಪ್ರಮೋದ ಕಾಲೇಜಿನಲ್ಲಿ ಮಾರ್ಕೆಟಿಂಗ್ ಪಾಠ ಹೇಳುವವನು. ಬಡ್ತಿಗೆ ಒಂದು ಸಂಶೋಧನಾ ಲೇಖನ ಕಡಿಮೆ ಬಿದ್ದಿತ್ತು. ಪಾತ್ರೆ ನೋಡಿದವನೇ, "ಅಣ್ಣ, ಇದರ ಮೇಲೇ ಒಂದು ಪೇಪರ್ ಮಾಡ್ಬಿಡೋಣ. ಫಾರಂ ಕೊಡ್ತೀನಿ, ಎಲ್ಲರ ಹತ್ರ ತುಂಬಿಸ್ಕೊಂಡ್ ಬನ್ನಿ" ಅಂದ. ವಿಜ್ಞಾನ ಮನೆ ಬಾಗಿಲಿಗೇ ಬಂದು ಕರೆದಾಗ ಇಲ್ಲ ಅನ್ನೋಕಾಗುತ್ತಾ? ಮಾಸ್ಕು ಹಾಕಿಕೊಂಡು ಹೊರಟೆ. ಹಿಂದೆಯೇ ಅಮ್ಮ, ಪಾತ್ರೆ ಸಮೇತ. "ದಿನಾ ಕುಡೀತೀರಾ?" ಅಂತ ನಾನು ಕೇಳೋದು, ಅವರು ಅಮ್ಮನ ಮುಖ ನೋಡೋದು, "ತಪ್ಪದೆ ಕುಡೀತೀವಿ ಸಾರ್" ಅನ್ನೋದು. ಜ್ವರ ಬಂದಿತ್ತಾ ಅಂದರೆ, ಆ ಕಾಲದಲ್ಲಿ ಮನೆ ಮಾಲೀಕನಿಗೆ ಹೌದು ಅಂತ ಯಾರು ಹೇಳಿಯಾರು? ಹಾಗಾಗಿ ಎಂಟೂ ಮನೆಯಲ್ಲಿ ಕಷಾಯ ಇತ್ತು, ಜ್ವರ ಇರಲಿಲ್ಲ. ಕೊನೆಯ ಫಾರಂ ನನ್ನದೇ.

ಬಾಗಿಲ ಮುಂದಿನ ಚರಂಡಿಗೆ ಚಪ್ಪಡಿ ಹಾಕಿಸಿ ಅಂತ ನಾನು ಪಾಲಿಕೆಗೆ ಕೊಟ್ಟ ಅರ್ಜಿಯನ್ನು ಎಷ್ಟು ಜನ ಕನ್ನಡಕ ಏರಿಸಿ ನೋಡಿ ತಪ್ಪು ಹುಡುಕಿದರೋ ಲೆಕ್ಕವಿಲ್ಲ. ಈ ಪೇಪರು ಮಾತ್ರ ಒಂದೇ ವಾರಕ್ಕೆ ಅಚ್ಚಾಯಿತು. ಮಹಾಮಾರಿ, ಅರ್ಜೆಂಟು ಅಂದರಂತೆ ಜರ್ನಲ್ಲಿನವರು. ಅರ್ಜೆಂಟು ಅಂದರೆ ಕಣ್ಣು ಮುಚ್ಚಿಕೊಳ್ಳೋದು ಅಂತಲೇ? ಇಂಥದ್ದನ್ನು ನಂಬಿ ಜನ ಔಷಧಿ ಬಿಟ್ಟರೆ ಯಾರು ಜವಾಬ್ದಾರಿ? ಈ ಸಿಟ್ಟು ಆಗಲೇ ಬರಬೇಕಿತ್ತು, ಬರಲಿಲ್ಲ. ಕೊನೆಯಲ್ಲಿ ಕೃತಜ್ಞತೆ ಅಂತ ನನ್ನ ಹೆಸರು ಹಾಕಿದ್ದರು. ಅದನ್ನು ನೆಂಟರಿಗೆಲ್ಲ ವಾಟ್ಸಾಪಿನಲ್ಲಿ ಕಳಿಸುವುದರಲ್ಲೇ ಇದ್ದೆ.

ಆ ಸಿಟ್ಟು ಬಂದದ್ದು ಹೋದ ವಾರ. ಅಮ್ಮ ಅಡುಗೆಮನೆಯಲ್ಲಿ ತಲೆ ಸುತ್ತಿ ಕೂತುಬಿಟ್ಟಳು. ಬಿಪಿ ಮಾತ್ರೆ ಬಿಟ್ಟು, ಬರೀ ಕಷಾಯ ಕುಡಿಯೋಕೆ ಶುರುಮಾಡಿ ತಿಂಗಳಾಗಿತ್ತಂತೆ. ಡಾಕ್ಟರು ಗದರಿದರೆ ಮೊಬೈಲ್ ತೆಗೆದು ಅವರಿಗೇ ತೋರಿಸಿದಳು: "ಸಂಶೋಧನೆ ಆಗಿರೋದು ಸ್ವಾಮಿ. ಕೆಳಗಡೆ ನಮ್ಮ ಹುಡುಗನ ಹೆಸರೂ ಐತೆ." ಪೇಪರಿನಲ್ಲಿ ಇದ್ದದ್ದು ಬರೀ ಜ್ವರ. ಅದು ವಾಟ್ಸಾಪಿನಲ್ಲಿ ಊರೂರು ತಿರುಗಿ ವಾಪಸು ಬರುವಷ್ಟರಲ್ಲಿ ಬಿಪಿ, ಶುಗರು, ಮಂಡಿನೋವು ಎಲ್ಲ ಸೇರಿಕೊಂಡಿದ್ದವು.

ನೇರ ಪ್ರಮೋದನ ಮನೆಗೆ ಹೋದೆ. "ಆ ಪೇಪರ್ ವಾಪಸು ತಗೊಳಪ್ಪಾ."

"ಹೆಂಗಾಗುತ್ತೆ ಅಣ್ಣ? ಅದನ್ನ ನಂಬಿ ಎಷ್ಟೋ ಜನ ಬೇರೆ ಪೇಪರ್ ಬರೆದಿದ್ದಾರೆ. ಬುಡ ಎಳೆದರೆ ಅವರೆಲ್ಲ ಬೀಳ್ತಾರೆ."

"ಬೀಳಲಿ. ನಮ್ಮಮ್ಮ ಆಗಲೇ ಬಿದ್ದಾಯ್ತು. ಬರೆಯೋ ಮುಂಚೆ ಒಂದು ಸಲ ನಿಜಾನಾ ಅಂತ ನೋಡ್ಬಾರ್ದಿತ್ತಾ?"

"ನಾನು ಬರೆದಿದ್ದು ನೀವು ತುಂಬಿಸ್ಕೊಂಡ್ ಬಂದಿದ್ದನ್ನೇ ಅಲ್ವಾ ಅಣ್ಣ?"

ಮನೆಗೆ ಬಂದು ಅಮ್ಮನ ಪಕ್ಕ ಕೂತು ಎಲ್ಲ ಹೇಳಿದೆ. ಆ ದಿನಗಳಲ್ಲಿ ಮನೆ ಹಿಂದಿನ ಮೋರಿಯೆಲ್ಲ ಶುಂಠಿ, ಮೆಣಸು ಘಮಘಮ ಅನ್ನುತ್ತಿದ್ದದ್ದು, ಬಾಡಿಗೆ ಮನೆಗಳ ಕಷಾಯವೆಲ್ಲ ಸಿಂಕಿಗೇ ಹೋಗುತ್ತಿದ್ದದ್ದು, ನನ್ನ ಲೋಟವನ್ನು ನಾನೇ ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದದ್ದು.

"ನೀನೂನಾ?" ಅಂದಳು ಅಮ್ಮ, ಅಷ್ಟೇ.

ಮಾರನೇ ಬೆಳಿಗ್ಗೆ ತಾನಾಗಿಯೇ ಎದ್ದು ಬಿಪಿ ಮಾತ್ರೆ ನುಂಗಿದಳು. ಆಮೇಲೆ ಒಂದು ದೊಡ್ಡ ಲೋಟದ ತುಂಬ ಕಷಾಯ ತಂದು ನನ್ನ ಕೈಗೆ ಕೊಟ್ಟು, ನಾನು ಕುಡಿದು ಮುಗಿಸುವ ತನಕ ಎದುರಿಗೇ ನಿಂತಿದ್ದಳು.