ಸಿಂಹದ ಪಾಲಿನ ಚಹಾ

ನನಗೆ ಕತೆಗಳ ಹೆಸರು ಗೊತ್ತು, ಕತೆ ಗೊತ್ತಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ‘ಮೊಸಳೆ ಮತ್ತು ಕೋತಿ’ ಎಂದು ಯಾರಾದರೂ ಅಂದರೆ ನಾನೂ ಎಲ್ಲರಂತೆ ತಲೆಯಾಡಿಸುತ್ತೇನೆ. ಆದರೆ ಯಾರು ಯಾರಿಗೆ ಮೋಸ ಮಾಡಿದರು ಎಂದು ಕೇಳಿದರೆ ನನಗೆ ಕೆಮ್ಮು ಬರುತ್ತದೆ. ಇದಕ್ಕೆ ನನ್ನ ನೌಕರಿಯೇ ಕಾರಣವೆಂದು ನಾನು ಹೇಳುತ್ತೇನೆ, ಹೆಂಡತಿ ಒಪ್ಪುವುದಿಲ್ಲ. ಹೈದರಾಬಾದಿನ ಮಾದಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಅಂಥದೊಂದರಲ್ಲಿ ನನ್ನ ಆಫೀಸು; ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ನೂರೆಂಟು ಈಮೇಲು. ಮೇಲಿನ ಸಾಲು ಓದಿ, ಒಳಗಿನದನ್ನು ಊಹಿಸಿ, ‘ನೋಡುತ್ತೇನೆ’ ಎಂದು ಉತ್ತರಿಸುವ ಕಲೆಯಲ್ಲಿ ನಾನು ಪಳಗಿಬಿಟ್ಟಿದ್ದೆ. ಒಮ್ಮೆ ‘ಕೊನೆಯ ಎಚ್ಚರಿಕೆ’ ಎಂಬ ತಲೆಬರಹ ನೋಡಿ, ಕೆಲಸ ಹೋಯಿತೆಂದೇ ತಿಳಿದು ಎರಡು ದಿನ ಊಟ ಬಿಟ್ಟಿದ್ದೆ. ಆಫೀಸಿನ ಫ್ರಿಜ್ಜಿನಲ್ಲಿ ವಾರಗಟ್ಟಲೆ ಉಳಿದ ಡಬ್ಬಿಗಳನ್ನು ಅವರವರೇ ಒಯ್ಯಬೇಕು ಎಂಬುದಷ್ಟೇ ಅದರ ಒಳಗಿತ್ತು. ಅದರಲ್ಲೊಂದು ಡಬ್ಬಿ ನನ್ನದೇ ಆಗಿತ್ತು.

ನಮ್ಮ ಮನೆ ಕುಷಾಯಿಗೂಡದಲ್ಲಿ, ಹೆಂಡತಿ ಶಾರದಾಳ ಕಾರ್ಖಾನೆಗೆ ಹತ್ತಿರ. ನನ್ನ ಆಫೀಸು ಊರಿನ ಇನ್ನೊಂದು ತುದಿಗೆ. ಹೀಗಾಗಿ ಒಂಬತ್ತು ವರ್ಷದ ಮಗಳು ನಂದಿನಿ ನನಗೆ ಪೂರ್ತಿಯಾಗಿ ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಅಂದು ಅವಳ ತಲೆಗೆ ಎಣ್ಣೆ ತಿಕ್ಕುವುದು ನನ್ನ ಪಾಲಿನ ಕೆಲಸ. ಶಾಲೆಯಲ್ಲಿ ತೆಲುಗು, ಆಟದಲ್ಲಿ ಹಿಂದಿ, ಮನೆಯಲ್ಲಿ ನಮ್ಮ ಗದಗಿನ ಕಡೆಯ ಕನ್ನಡ, ಹೀಗೆ ಅವಳ ನಾಲಿಗೆ ಮೂರು ಮನೆ ಸಂಸಾರ ನಡೆಸುತ್ತಿತ್ತು. ಒಂದು ದಿನ ಗದಗಿನಿಂದ ಬಂದ ಅಜ್ಜಿಯ ಫೋನು ಇಟ್ಟಮೇಲೆ ಅವಳು, “ಅಪ್ಪಾ, ಅಜ್ಜಿ ಅರ್ಧಾ ಏನ್ ಹೇಳಿದ್ಲೋ ತಿಳೀಲಿಲ್ಲ” ಅಂದಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹಾಗೆಂದು ಹೇಳಿಕೊಳ್ಳುವಂತೆಯೂ ಇರಲಿಲ್ಲ, ಏಕೆಂದರೆ ನಾನು ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ. ‘ಮನ್ಯಾಗ ಮಕ್ಕಳ ಕೂಡ ಕನ್ನಡದಾಗ ಮಾತಾಡ್ರಿ’ ಎಂದು ಸಿಕ್ಕಸಿಕ್ಕವರಿಗೆಲ್ಲ ಉಪದೇಶ ಮಾಡುತ್ತಿದ್ದವನು.

ಆ ವರ್ಷ ರಾಜ್ಯೋತ್ಸವಕ್ಕೆ ಮಕ್ಕಳ ಕತೆ ಹೇಳುವ ಸ್ಪರ್ಧೆ ಇಟ್ಟೆವು. ಹತ್ತು ಕತೆಗಳ ಹೆಸರಿನ ಪಟ್ಟಿಯನ್ನು ಮೊದಲೇ ಮನೆಗಳಿಗೆ ಕಳಿಸುವುದು, ಆ ದಿನ ಚೀಟಿ ಎತ್ತಿದಾಗ ಬಂದ ಕತೆಯನ್ನು ಮಗು ಕನ್ನಡದಲ್ಲಿ ಹೇಳುವುದು. ಈ ಯೋಜನೆ ನನ್ನದೇ. ಕಾರ್ಯದರ್ಶಿಯ ಮಗಳೇ ಬಾಯಿ ಬಿಡದಿದ್ದರೆ ನಾನು ಸಂಘದಲ್ಲಿ ಮುಖ ಎತ್ತುವಂತಿಲ್ಲ ಎಂಬುದು ಪಟ್ಟಿ ನನ್ನ ಮನೆಗೂ ಬಂದಾಗ ಹೊಳೆಯಿತು.

ಎಣ್ಣೆ ಬಟ್ಟಲು ಹಿಡಿದು ಕೂತೆ. ಹೆಸರು ನೋಡಿದೆ, ಒಳಗಿನದನ್ನು ಊಹಿಸಿದೆ. ಆಮೆ ಮತ್ತು ಮೊಲ ಮಾದಾಪುರದ ಒಂದೇ ಕಂಪನಿಯಲ್ಲಿದ್ದವು. ಮೊಲ ಮಧ್ಯಾಹ್ನಕ್ಕೇ ಕೆಲಸ ಮುಗಿಸಿ ನಿದ್ದೆ ಹೊಡೆಯಿತು, ಆಮೆ ಸಂಜೆಯವರೆಗೂ ಸಾಹೇಬರ ಕಣ್ಣಿಗೆ ಬೀಳುವಂತೆ ಕೂತಿತು, ಬಡ್ತಿ ಆಮೆಗಾಯಿತು. ಬಾಯಾರಿದ ಕಾಗೆ ಅಪಾರ್ಟ್‌ಮೆಂಟಿನ ಟ್ಯಾಂಕಿಗೆ ಕಲ್ಲು ಹಾಕಿತು, ಪೈಪು ಕಟ್ಟಿಕೊಂಡಿತು, ಅಲ್ಲಿನವರೆಲ್ಲ ಸೇರಿ ಕಾಗೆಯನ್ನು ಮೀಟಿಂಗಿಗೆ ಕರೆದರು. ನಂದಿನಿ ಬಿದ್ದು ಬಿದ್ದು ನಗುತ್ತಿದ್ದಳು. ಅಡುಗೆಮನೆಯಿಂದ ಶಾರದಾ, “ರೀ, ಕತಿ ಬರಂಗಿಲ್ಲಂದ್ರ ಬರಂಗಿಲ್ಲ ಅನ್ರಿ. ಸುಳ್ಳ ಯಾಕ ಕಲಸ್ತೀರಿ?” ಅಂದಳು. ಹತ್ತನೆಯ ಹೆಸರು ‘ಸಿಂಹದ ಪಾಲು’. ಅಷ್ಟರಲ್ಲಿ ಬಟ್ಟಲಿನ ಎಣ್ಣೆಯೂ ಮುಗಿದಿತ್ತು, ನನ್ನ ಸರಕೂ ಮುಗಿದಿತ್ತು. “ಅದು ಚೀಟ್ಯಾಗ ಬರಂಗಿಲ್ಲ ಬಿಡು” ಎಂದು ಎದ್ದೆ.

ಆ ಸಂಜೆ ಕೆಳಗಿನ ಮನೆಯ ತೆಲುಗಿನ ಲಕ್ಷ್ಮಿಯವರು ಪಟ್ಟಿಯನ್ನು ನಾಲ್ಕಾಗಿ ಮಡಚಿ ತಂದು ಶಾರದಾಳ ಕೈಗಿಟ್ಟರು. “ಚಿನ್ನ ಪಿಲ್ಲಕಿ ಇಲಾಂಟಿವಿ ಎಂದುಕಂಡೀ?” ಅಂದರು; ಚಿಕ್ಕ ಹುಡುಗಿಗೆ ಇಂಥವೆಲ್ಲ ಯಾಕೆ ಎಂದು. ನಂದಿನಿ ಅವರಿಗೆ ಅದನ್ನು ಓದಿ ತೋರಿಸಿದ್ದಳಂತೆ. ನಮ್ಮ ಎರಡೂ ಲಿಪಿಗಳು ಅಕ್ಕತಂಗಿಯರು. ತೆಲುಗು ಬಲ್ಲವರು ಕನ್ನಡವನ್ನು ತಡವರಿಸಿಯಾದರೂ ಓದಿಯಾರು. ಅರ್ಥವನ್ನು ಮಾತ್ರ ತೆಲುಗಿನದೇ ಹಚ್ಚಿಕೊಳ್ಳುತ್ತಾರೆ. ತೆಲುಗಿನಲ್ಲಿ ‘ಆಮೆ’ ಎಂದರೆ ಅವಳು, ‘ಮತ್ತು’ ಎಂದರೆ ನಶೆ, ‘ಮೊಲ’ ಎಂದರೆ ಸೊಂಟ. ಅವಳು, ನಶೆ, ಸೊಂಟ. ಪಾಪ, ಆ ಹೆಣ್ಣುಮಗಳು ಬೆಚ್ಚಿದ್ದರಲ್ಲಿ ತಪ್ಪೇನಿದೆ? ನಂದಿನಿಯ ಸಂಶಯ ಬೇರೆಯೇ ಇತ್ತು. “ಅಪ್ಪಾ, ಕನ್ನಡ ಕತ್ಯಾಗ ಎಲ್ಲಾ ಪ್ರಾಣಿ ಯಾಕ ಕುಡ್ದಿರ್ತಾವು? ಮೊಸಳೆ, ಮತ್ತು ಕೋತಿ. ಸಿಂಹ, ಮತ್ತು ಇಲಿ.” ಇಷ್ಟು ದಿನ ಅವಳು ಕನ್ನಡ ಓದುತ್ತಿದ್ದಾಳೆಂದು ನಾನು ಹಿಗ್ಗಿದ್ದೆ; ಅದೆಲ್ಲ ಹೀಗೆಯೇ ಓದಿದ್ದೋ ಏನೋ.

ಸ್ಪರ್ಧೆಯ ದಿನ ನಂದಿನಿ ಚೀಟಿ ಎತ್ತಿ ತಾನೇ ಓದಿದಳು: “ಸಿಂಹದ ಪಾಲು.” ನಾನು ಹಿಂದಿನ ಸಾಲಿನಲ್ಲಿ ಕೂತಲ್ಲೇ ಬೆವೆತೆ. ಬೇಟೆಯನ್ನು ಹಂಚುವಾಗ ಸಿಂಹವೇ ಎಲ್ಲವನ್ನೂ ನುಂಗುವ ಕತೆಯೆಂದು ಪಕ್ಕದವರು ಪಿಸುಗುಟ್ಟಿದಾಗಲೇ ನನಗೂ ಗೊತ್ತಾದದ್ದು. ನಂದಿನಿಗೆ ಅಂಥ ಚಿಂತೆಯಿರಲಿಲ್ಲ. ತೆಲುಗಿನಲ್ಲಿ ಪಾಲು ಎಂದರೆ ಹಾಲು.

“ಅಡವ್ಯಾಗ ನರಿ, ತೋಳ, ಕರಡಿ ಕೂಡಿ ಚಹಾದ ಅಂಗಡಿ ಇಟ್ಟಿದ್ವು. ಒಂದಿನ ಹಾಲು ಖಾಲಿ ಆತು. ನರಿ ಸಿಂಹದ ಹತ್ರ ಹೋಗಿ, ಸರ್, ಅರ್ಧಾ ಲೀಟರ್ ಕೊಡ್ರಿ ಅಂತು. ಸಿಂಹ, ನನ್ನ ಏನ್ ಕೇಳ್ತಿ, ಮನ್ಯಾಗ ಕೇಳು ಅಂತು. ಹೆಣ್ಣ ಸಿಂಹ, ಕೊಡ್ತೀನಿ, ಆದ್ರ ಹಿಂಡವ್ರು ಯಾರು ಅಂತು. ನರಿ ತೋಳನ ಮುಖ ನೋಡ್ತು. ತೋಳ ಕರಡಿ ಮುಖ ನೋಡ್ತು. ಅವತ್ತಿಂದ ಅಡವ್ಯಾಗ ಎಲ್ಲಾರೂ ಹಾಲಿಲ್ಲದ ಚಹಾ ಕುಡೀತಾರ. ಇದರ ನೀತಿ: ಹಾಲು ಪಾಕೀಟಿಂದ ತರಬೇಕು.”

ಸಭೆಯಲ್ಲಿ ಎರಡೂ ಭಾಷೆ ಬಲ್ಲವರೇ ತುಂಬಿದ್ದರು. ಮೊದಲು ಅವರಿಗೆ ಗುಟ್ಟು ತಿಳಿದು ನಗು ಶುರುವಾಯಿತು, ಆಮೇಲೆ ನಿಲ್ಲಲೇ ಇಲ್ಲ. ತೀರ್ಪುಗಾರರಾಗಿದ್ದ ಹಿರೇಮಠ ಮಾಸ್ತರು, ನಿವೃತ್ತ ಕನ್ನಡ ಶಿಕ್ಷಕರು, ಕಣ್ಣೊರೆಸಿಕೊಂಡು ಎದ್ದರು. “ಹಳಗನ್ನಡದಾಗ ಹಾಲಿಗೆ ಪಾಲ್ ಅಂತನ ಅಂತಿದ್ರು. ಹುಡುಗಿ ತಪ್ಪು ಹೇಳಿಲ್ರೀ. ಸಾವಿರ ವರ್ಷ ಹಿಂದ ಹೋಗಿ ಹೇಳ್ಯಾಳ” ಎಂದು ಎರಡನೆಯ ಬಹುಮಾನ ಕೊಟ್ಟರು.

ನನ್ನ ಎದೆ ಉಬ್ಬಿತು. ವಂದನಾರ್ಪಣೆ ಹೇಗೂ ಕಾರ್ಯದರ್ಶಿಯದು. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೈಕು ಹಿಡಿದೆ. ಪರವೂರಿನಲ್ಲಿ ಭಾಷೆ ಉಳಿಸುವುದು ಎಷ್ಟು ಕಷ್ಟ, ಅದಕ್ಕೆ ತಂದೆತಾಯಿ ಎಷ್ಟು ಎಚ್ಚರದಿಂದಿರಬೇಕು ಎಂದು ಐದು ನಿಮಿಷ ಹೇಳಿ, ಕೊನೆಗೆ, “ನೋಡ್ರಿ, ನನ್ನ ಮಗಳು ಇವತ್ತ ಅಚ್ಚ ಕನ್ನಡದಾಗ ಕತಿ ಚೆಪ್ಪ್ಯಾಳ” ಅಂದೆ.

ನಂದಿನಿ ನನ್ನ ಅಂಗಿ ಜಗ್ಗಿದಳು. “ಅಪ್ಪಾ, ಚೆಪ್ಪ್ಯಾಳ ಅಲ್ಲ, ಅದು ತೆಲುಗು. ಹೇಳ್ಯಾಳ.”

ಮೈಕು ಅದನ್ನೂ ಹಿಡಿದುಕೊಂಡಿತು. ಮೊದಲ ಬಹುಮಾನದ ಕತೆಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ನಾನೂ ನಕ್ಕೆ. ಮಗಳ ಕನ್ನಡದ ಬಗ್ಗೆ ಇದ್ದ ಹೆದರಿಕೆ ಅಂದೇ ಹೋಯಿತು. ಈಗ ಮನೆಯಲ್ಲಿ ಎಲ್ಲರಿಗೂ ಚಿಂತೆ ನನ್ನದೇ.